ಟುವ್ವಿ ತನ್ನ ಗೂಡನ್ನು ಹೊಲಿದು ಮುಚ್ಚಿದ್ದು

ಲೋಕ ಆಗಿನ್ನೂ ಹೊಸದು. ಬೆಟ್ಟಗಳ ಮಣ್ಣು ಹಸಿಯಾಗಿಯೇ ಇತ್ತು. ಹಳ್ಳಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಹಕ್ಕಿಗಳಿಗೆ ಮನುಷ್ಯರ ಭಯ ಇರಲಿಲ್ಲ. ಕೊಂಬೆಯ ಕವಲಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಗೂಡು ಕಟ್ಟಿಕೊಂಡು ಹಾಯಾಗಿದ್ದವು.

ಆ ಕಾಲದಲ್ಲಿ ಒಂದು ಹಳ್ಳದ ದಂಡೆಯ ಮೇಲೆ ಸಂಕವ್ವ ಎಂಬ ಹೆಂಗಸು ಇದ್ದಳು. ಬಂಡೆಯಿಂದ ಜಾರಿ ಬಿದ್ದು ಅವಳ ಕಾಲು ಮುರಿದಿತ್ತು. ಮೂಳೆ ಸೊಟ್ಟಗೆ ಕೂಡಿಕೊಂಡು ನಡೆಯಲು ಆಗುತ್ತಿರಲಿಲ್ಲ. ಕಿಟಕಿಯ ಪಕ್ಕ ಕೂತು, ಹಳೆ ಬಟ್ಟೆಯ ಚೂರು ಜೋಡಿಸಿ, ನಡುವೆ ಹತ್ತಿ ಹರಡಿ ಕೌದಿ ಹೊಲಿಯುತ್ತಿದ್ದಳು. ಕೈ ಕೌದಿಯ ಮೇಲೆ, ಕಣ್ಣು ಹಕ್ಕಿಗಳ ಮೇಲೆ.

ಅಯ್ಯೋ ಪಾಪ, ಕೂತಲ್ಲೇ ಕೂತವಳಿಗೆ ಏನು ಕಂಡೀತು ಅನ್ನಬೇಡಿ. ಸಂಕವ್ವನಿಗೆ ಕಡಲ ಹಕ್ಕಿಯೂ ಗೊತ್ತಿತ್ತು, ಕಾಡಿನ ಹಕ್ಕಿಯೂ ಗೊತ್ತಿತ್ತು. ಆಗಿನವರದು ಒಂದು ಪದ್ಧತಿ. ಗಾಳಿ, ಅಂದರೆ ಅವರೆಲ್ಲರ ಗಾಳೆಪ್ಪ, ಮನೆ ಮುಂದೆ ಬಂದಾಗಲೆಲ್ಲ ತಾವು ಕಂಡ ಹಕ್ಕಿಯನ್ನು ಅವನಿಗೆ ಕೂಗಿ ಹೇಳಬೇಕು. ಅವನು ಅದನ್ನು ಹೊತ್ತುಕೊಂಡು ಊರೂರಿಗೆ ಮುಟ್ಟಿಸುತ್ತಿದ್ದ. ಕೇಳಿದವರಿಗೆ ಹಿಡಿಸಿದರೆ "ಭೇಷ್!" ಅನ್ನುತ್ತಿದ್ದರು. ಆ ಭೇಷನ್ನೂ ಗಾಳೆಪ್ಪ ವಾಪಸು ತಂದುಕೊಡುತ್ತಿದ್ದ.

ಈ ಭೇಷ್ ಅನ್ನುವುದರ ರುಚಿ ಇದೆಯಲ್ಲ, ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಮೊದಮೊದಲು ಒಂದು ಭೇಷ್ ಬಂದರೆ ಸಂಕವ್ವ ದಿನವಿಡೀ ನಗುತ್ತಿದ್ದಳು. ಬರಬರುತ್ತಾ ಎಷ್ಟು ಬಂದರೂ ಸಾಲದಾಯಿತು.

ಅವಳ ಕಿಟಕಿಗೆ ತಾಗಿದ ಹಾಗೆ ಒಂದು ಎಳೆಯ ಅತ್ತಿಗಿಡ. ಅದರಲ್ಲಿ ಟುವ್ವಿಯ ಗೂಡು. ಟುವ್ವಿ ಅಂದರೆ ಹೆಬ್ಬೆರಳಿನಷ್ಟು ಹಕ್ಕಿ. ಹಸಿರು ಬೆನ್ನು, ತುಕ್ಕು ಬಣ್ಣದ ನೆತ್ತಿ, ಮೇಲಕ್ಕೆ ಸೆಟೆದ ಬಾಲ. ದನಿ ಮಾತ್ರ ಆಗ ಬಹಳ ಮೆತ್ತಗಿತ್ತು.

ಒಂದು ದಿನ ಸಂಕವ್ವನ ಕಣ್ಣೆದುರೇ ಮೊಟ್ಟೆ ಒಡೆದು ಮೂರು ಮರಿಗಳು ಹೊರಬಂದವು. ಅವಳಿಗೆ ಎದೆ ತುಂಬಿ ಬಂತು.

"ಅಕ್ಕಾ, ನಾ ಹುಳ ತರಾಕ ಹೋಗತೀನಿ. ಮರಿ ಕಡೆ ಸ್ವಲ್ಪ ಲಕ್ಷ್ಯ ಇರಲಿ," ಎಂದಿತು ಟುವ್ವಿ.

"ಹೋಗಿ ಬಾರವ್ವಾ. ನಾ ಅದೀನಲ್ಲ," ಎಂದಳು ಸಂಕವ್ವ.

ಟುವ್ವಿ ಹಾರಿ ಮರೆಯಾಯಿತು. ಅಷ್ಟರಲ್ಲಿ ಗಾಳೆಪ್ಪ ಬಂದ. ಸಂಕವ್ವನಿಗೆ ತಡೆದುಕೊಳ್ಳಲು ಆಗಲಿಲ್ಲ.

"ಗಾಳೆಪ್ಪಾ, ನಿಲ್ಲೋ! ಟುವ್ವಿ ಮರಿ ಮಾಡ್ಯಾಳ! ನಮ್ಮ ಕಿಟಕಿ ಮುಂದಿನ ಅತ್ತಿಗಿಡದಾಗ! ಮೂರೂ ಬಾಯಿ ತಕ್ಕೊಂಡು ಕುಂತಾವ!"

ಗಾಳೆಪ್ಪ ಓಡಿದ. ಸ್ವಲ್ಪ ಹೊತ್ತಿಗೇ ತಿರುಗಿ ಬಂದ. ತಲೆಯ ತುಂಬ ಭೇಷ್, ಹೆಗಲ ತುಂಬ ಭೇಷ್. ಸಂಕವ್ವ ಹಿಗ್ಗಿ ಹೀರೆಕಾಯಿ ಆದಳು.

"ಇನ್ನೊಂದು ಐತಿ ಬೇ," ಎಂದ ಗಾಳೆಪ್ಪ. "ಗೂಡು ಯಾವ ಕಡೀ ಟೊಂಗ್ಯಾಗ ಐತಿ ಅಂತ ಯಾರೋ ಕೇಳ್ಯಾರ."

"ಮೂಡಣ ಕಡೀದು! ಕೆಳಗಿನ ಟೊಂಗಿ, ಕವಲು ಒಡದಲ್ಲೇ!"

ಗಾಳೆಪ್ಪ ಹೋದ, ಬಂದ. "ತಾಯಿ ಗೂಡಿನ್ಯಾಗ ಅದಾಳೇನು ಅಂತಾನೂ ಕೇಳ್ಯಾರ."

"ಇಲ್ಲೋ, ಹುಳಕ್ಕ ಹೋಗ್ಯಾಳ."

ಗಾಳೆಪ್ಪ ಮತ್ತೆ ಹೋದ. ಆಗ, ಮಕ್ಕಳೇ, ಸಂಕವ್ವನ ಕೈಯ ಸೂಜಿ ನಿಂತಿತು. ಆ ಯಾರೋ ಹಕ್ಕಿ ಚೆಂದ ಇದೆಯೇ ಎಂದು ಕೇಳಲಿಲ್ಲ. ಮರಿಯ ಬಣ್ಣ ಏನು ಎಂದು ಕೇಳಲಿಲ್ಲ. ತಾಯಿ ಇದ್ದಾಳೆಯೇ ಎಂದು ಕೇಳುವವರು ಯಾರು?

"ಗಾಳೆಪ್ಪಾ!" ಅವನು ಬರುತ್ತಲೇ ಕೂಗಿದಳು. "ಅದನ್ನ ಕೇಳಿದವರು ಯಾರೋ?"

"ಹಳ್ಳದಾಚೆ ಪೊದ್ಯಾಗಿನ ಕೆಂಬೂತ."

ಸಂಕವ್ವನ ಜೀವ ಬಾಯಿಗೆ ಬಂತು. ಕೆಂಬೂತ ಗೊತ್ತಲ್ಲ? ಕಾಗೆಯಷ್ಟು ದೊಡ್ಡ ಹಕ್ಕಿ, ಕರಿ ಮೈ, ಕಂದು ರೆಕ್ಕೆ, ಕೆಂಡದಂಥ ಕಣ್ಣು. ಅದಕ್ಕೆ ಎಳೆ ಮರಿ ತಿನ್ನುವುದೆಂದರೆ ಪ್ರಾಣ.

"ಹೇಳಬ್ಯಾಡೋ ಅದಕ್ಕ!"

"ಆಗಲೇ ಮುಟ್ಟಿಸಿ ಬಂದೆ ಬೇ. ಅದು ಹೊರಟೈತಿ," ಎಂದ ಗಾಳೆಪ್ಪ, ಮುಖ ಸಣ್ಣದು ಮಾಡಿಕೊಂಡು.

ಊಪ್... ಊಪ್... ಊಪ್...

ದನಿ ಹಳ್ಳದ ಆಚೆ ದಂಡೆಯಲ್ಲಿತ್ತು.

ಅದೇ ಹೊತ್ತಿಗೆ ಟುವ್ವಿ ಕೊಕ್ಕಿನಲ್ಲಿ ಹುಳ ಹಿಡಿದು ಬಂತು. ಸಂಕವ್ವ ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ಟುವ್ವಿಯ ಕೊಕ್ಕಿನಿಂದ ಹುಳ ಬಿದ್ದುಹೋಯಿತು.

"ನಿನ್ನ ನಂಬಿ ಬಿಟ್ಟು ಹೋಗಿದ್ನಲ್ಲಕ್ಕಾ!"

ಮರಿಗಳಿಗೆ ಪುಕ್ಕ ಇಲ್ಲ, ಹಾರುವುದಿಲ್ಲ. ಟುವ್ವಿ ಅವನ್ನು ಹೊರಲಾರದು. ಸಂಕವ್ವ ಎದ್ದು ನಿಲ್ಲಲಾರಳು.

ಊಪ್... ಊಪ್... ಊಪ್...

ದನಿ ಈಗ ಹಳ್ಳದ ಈಚೆ.

ಸಂಕವ್ವ ಕಿಟಕಿಯಿಂದ ಮೈ ಹೊರಚಾಚಿ ಆ ಟೊಂಗೆಯನ್ನು ಮೆಲ್ಲಗೆ ಹತ್ತಿರಕ್ಕೆ ಎಳೆದಳು. ಗೂಡಿನ ಅಕ್ಕಪಕ್ಕ ಎರಡು ಅಗಲವಾದ ಎಲೆಗಳಿದ್ದವು. ಒಂದನ್ನು ಈ ಕಡೆಯಿಂದ, ಒಂದನ್ನು ಆ ಕಡೆಯಿಂದ ಗೂಡಿನ ಮೇಲೆ ಮಡಚಿ ಅಂಚಿಗೆ ಅಂಚು ಸೇರಿಸಿದಳು. ಕೌದಿಯ ಸೂಜಿಯಿಂದ ಹೊಲಿಯತೊಡಗಿದಳು. ಬಟ್ಟೆ ಎಳೆದರೆ ಬರುತ್ತದೆ, ಎಲೆ ಎಳೆದರೆ ಹರಿಯುತ್ತದೆ. ಒಂದು ಹೊಲಿಗೆ ಹರಿಯಿತು. ಉಸಿರು ಬಿಗಿಹಿಡಿದು ಮತ್ತೆ ಹಾಕಿದಳು.

ಬೇಲಿಯ ಬುಡದಲ್ಲಿ ಒಣಗಿದ ಎಲೆ ಸರಸರ ಅಂದಿತು.

ಅರ್ಧಕ್ಕೆ ದಾರ ಮುಗಿಯಿತು. ದಾರದ ಉಂಡೆ ಕೋಣೆಯ ಆ ಮೂಲೆಯಲ್ಲಿ. ಸಂಕವ್ವನಿಗೆ ಅಳು ಬಂತು. ಅಷ್ಟು ಹೊತ್ತು ಕಣ್ಣು ಮಿಟುಕಿಸದೆ ನೋಡುತ್ತಿದ್ದ ಟುವ್ವಿ ಕೌದಿಯೊಳಗಿನ ಹತ್ತಿಯನ್ನು ಕೊಕ್ಕಿನಿಂದ ಎಳೆಯಿತು. ಎಲೆಗೆ ತಾನೇ ತೂತು ಹಾಕಿತು. ಹತ್ತಿಯ ಎಳೆಯನ್ನು ಆ ತೂತಿನಿಂದ ಈ ತೂತಿಗೆ ತೂರಿಸಿ ಎಳೆಯಿತು. ಒಂದು ಹೊಲಿಗೆ. ಇನ್ನೊಂದು ಹೊಲಿಗೆ. ಎಲೆ ಹರಿಯಲಿಲ್ಲ.

ಟೊಂಗೆಯನ್ನು ಬಿಟ್ಟದ್ದೇ ತಡ, ಬೇಲಿಯ ಸಂದಿಯಿಂದ ಕೆಂಬೂತ ಹೊರಬಂತು. ಟುವ್ವಿ ಅಷ್ಟರಲ್ಲಿ ಮಾಯ.

ಕೆಂಬೂತ ಅವಸರ ಮಾಡಲಿಲ್ಲ. ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಅತ್ತಿಗಿಡ ಹತ್ತಿತು. ಮೂಡಣ ಕಡೆಯ ಟೊಂಗೆ. ಕೆಳಗಿನ ಕವಲು. ಅಲ್ಲಿ ಎಲೆ ಬಿಟ್ಟರೆ ಏನೂ ಇಲ್ಲ.

"ಸಂಕವ್ವಾ, ಇಲ್ಲೇ ಅಂದಿದ್ದಿ. ಗೂಡು ಎಲ್ಲಿ?"

ಸಂಕವ್ವ ಕೌದಿಯನ್ನು ಮಡಿಲಿಗೆ ಎಳೆದುಕೊಂಡಳು.

"ಚೊಲೋ ಹಕ್ಕಿ ಕಂಡಿ ಅಂತ ಊರೆಲ್ಲ ಹೊಗಳಾಕತ್ತೈತಿ. ನನಗೂ ತೋರಿಸು. ನಾನೂ ಭೇಷ್ ಅಂತೀನಿ."

ಹಾಗೆ ಹೇಳುತ್ತಾ ಕೆಂಬೂತ ನೋಡುತ್ತಿದ್ದದ್ದು ಗಿಡವನ್ನಲ್ಲ, ಅವಳ ಕಣ್ಣನ್ನು. ಕಣ್ಣು ಎತ್ತ ಹೊರಳುತ್ತದೋ ಅತ್ತ ಗೂಡು ಇರಬೇಕು ಎಂದು ಅದಕ್ಕೆ ಗೊತ್ತಿತ್ತು. ಮರಿಗಳು ಅದರ ಕಾಲಿನಿಂದ ಒಂದು ಗೇಣು ದೂರದಲ್ಲಿದ್ದವು. ಹೊಲಿದ ಎಲೆ ಒಳಗಿನಿಂದ ತುಸುವೇ ಅಲುಗಿತು. ಸಂಕವ್ವನಿಗೆ ಅದು ಓರೆಗಣ್ಣಿಗೆ ಕಂಡಿತು. ಹುಟ್ಟಿದಾಗಿನಿಂದ ಹಕ್ಕಿ ನೋಡಿದ ಕಣ್ಣು, ಆ ಕಡೆ ಹೋಗಲು ಎಷ್ಟು ಒದ್ದಾಡಿರಬೇಡ! ಅವಳು ಹಲ್ಲು ಕಚ್ಚಿ ಕೆಂಬೂತದ ಮುಖವನ್ನೇ ನೋಡುತ್ತಾ ಕೂತಳು.

ಆಗ ದೂರದ ಜಾಲಿಯ ಮುಳ್ಳಿನಲ್ಲಿ ಯಾರೂ ಕೇಳಿರದ ದನಿಯೊಂದು ಸಿಡಿಯಿತು.

"ಟುವ್ವಿ! ಟುವ್ವಿ! ಟುವ್ವಿ! ಟುವ್ವಿ!"

ಮೆತ್ತನೆಯ ದನಿಯ ಟುವ್ವಿ ಗಂಟಲು ಹರಿಯುವ ಹಾಗೆ ಕೂಗುತ್ತಿತ್ತು. ಸಂಕವ್ವ ಥಟ್ಟನೆ ಕಣ್ಣನ್ನು ಜಾಲಿಯ ಕಡೆ ಹೊರಳಿಸಿದಳು. ಕೆಂಬೂತ ಅವಳ ಕಣ್ಣನ್ನು ನಂಬಿತು. ಧೊಪ್ಪನೆ ಕೆಳಗಿಳಿದು ಜಾಲಿಯತ್ತ ಓಡಿತು. ಟುವ್ವಿ ಅದನ್ನು ಒಂದು ಮುಳ್ಳಿನಿಂದ ಇನ್ನೊಂದು ಮುಳ್ಳಿಗೆ ಕೂಗಿ ಕೂಗಿ ಎಳೆದುಕೊಂಡು ಹೋಯಿತು, ಹಳ್ಳ ದಾಟಿಸಿತು.

ಟುವ್ವಿ ತಿರುಗಿ ಬಂದಾಗ ಸಂಕವ್ವ ಕೌದಿಯಲ್ಲಿ ಮುಖ ಮುಚ್ಚಿ ಅಳುತ್ತಿದ್ದಳು.

"ಮರಿ ಉಳದಾವ, ಅಳಬ್ಯಾಡ," ಎಂದಿತು ಟುವ್ವಿ. "ಆದರ ಅಕ್ಕಾ, ಇನ್ನ ಮ್ಯಾಲೆ ನನ್ನ ದನಿ ಎಷ್ಟು ಬೇಕಾದರೂ ಕೇಳು. ಗೂಡು ಮಾತ್ರ ತೋರಸೂದಿಲ್ಲ. ನಿನಗೂ."

ಸಂಕವ್ವ ತಲೆ ಆಡಿಸಿದಳು. ಆಮೇಲೆ ಗಾಳೆಪ್ಪ ಮೆಲ್ಲಗೆ ಬಂದು, ಏನು ಕಂಡೆ ಎಂದು ಕೇಳಿದ.

"ಟುವ್ವಿ ಕಂಡೆ."

"ಎಲ್ಲಿ ಬೇ?"

"ಅಲ್ಲೆಲ್ಲೋ, ಗಿಡದಾಗ," ಎಂದಳು ಸಂಕವ್ವ. ಆ ಮಾತಿಗೆ ಎಲ್ಲಿಂದಲೂ ಒಂದೂ ಭೇಷ್ ಬರಲಿಲ್ಲ.

ಅದಕ್ಕೇ ಇವತ್ತಿಗೂ ನಿಮ್ಮ ಕಿಟಕಿಯಾಚೆ ದಾಸವಾಳದಲ್ಲೋ ಬದನೆಗಿಡದಲ್ಲೋ ಟುವ್ವಿ ಅಷ್ಟು ಜೋರಾಗಿ ಕೂಗುತ್ತದೆ, ಹುಡುಕಿದರೆ ಬರೀ ಎಲೆ ಕಾಣುತ್ತದೆ. ಎಂದಾದರೂ ಅಂಚಿನಲ್ಲಿ ಹತ್ತಿಯ ಹೊಲಿಗೆ ಕಂಡರೆ, ಹಕ್ಕಿಯ ಫೋಟೋವನ್ನು ಫೋನಿನಲ್ಲಿ ಲೋಕಕ್ಕೆಲ್ಲ ತೋರಿಸಿ, ಗಿಡ ಯಾವುದೆಂದು ಮಾತ್ರ ಹೇಳಬೇಡಿ, ಯಾಕೆಂದರೆ ಪೊದೆಯೊಳಗೆ ಕೆಂಬೂತ ಇನ್ನೂ ಊಪ್ ಊಪ್ ಎಂದು ಕೇಳುತ್ತಲೇ ಇದೆ.