ಕೈ ಮಾಡಿದರೂ ನಿಲ್ಲದ ಕಾರು

ಚನ್ನವೀರ ಆಶ್ರಮದ ಹಳೇ ಕಾರನ್ನು ಕೆಡಿಸಿದ. ಒಬ್ಬ ಮನುಷ್ಯನ ಜೀವ ಹೋಯಿತು.

ಹೊಳೆ ದಂಡೆಯ ಆ ಆಶ್ರಮದಲ್ಲಿ ಒಂದು ರೂಢಿಯಿತ್ತು. ದಾರಿಯಲ್ಲಿ ಯಾರೇ ಕೈ ಮಾಡಲಿ, ಕಾರು ನಿಲ್ಲಬೇಕು. ಹಿಂದಿನ ಗುರುಗಳ ಕಾಲದ ಗಾಡಿ ಅದು. ಏರು ಬಂದರೆ ಏದುಸಿರು ಬಿಡುತ್ತಿತ್ತು. ಆದರೆ ಎಲ್ಲಿ ನಿಲ್ಲಿಸಿದರೂ ಎಂಜಿನ್ ಗುರುಗುಡುತ್ತ ಕಾಯುತ್ತಿತ್ತು. ಬಸುರಿಯರು, ಜ್ವರ ಬಂದವರು, ಸಂತೆ ಮುಗಿಸಿ ಸೋತವರು ಹತ್ತಿ ಕೂರುತ್ತಿದ್ದರು.

ಕಾರು ನಡೆಸುವ ಶಿಷ್ಯನನ್ನು ಸಾಹುಕಾರ ಭಕ್ತರು ಕೆಣಕುತ್ತಿದ್ದರು.

"ಏನಪಾ ಚನ್ನವೀರ, ಎಮ್ಮಿ ಹೊಡಕೊಂಡ ಹೊಂಟೀಯೇನು?"

ಮಾತು ಚುಚ್ಚಿತು. ಗುರುಗಳು ಊರಲ್ಲಿಲ್ಲದಾಗ ಕಾರನ್ನು ಪೇಟೆಗೆ ಒಯ್ದ. ವೇಗ ಹೆಚ್ಚಲೆಂದು ಸಿಲಿಂಡರ್ ಕೊರೆಸಿದ, ಕ್ಯಾಮ್ ಬದಲಿಸಿದ, ಎರಡು ಕಾರ್ಬ್ಯುರೇಟರ್ ಕೂರಿಸಿದ. ಕಾರು ಹಾರಿಕೊಂಡು ಹೋಯಿತು. ವೇಗ ತಗ್ಗಿಸಿದರೆ ಮಾತ್ರ ಎಂಜಿನ್ ಕೆಮ್ಮಿ ಬಂದ್ ಬೀಳುತ್ತಿತ್ತು. ಮತ್ತೆ ಚಾಲೂ ಮಾಡುವಷ್ಟರಲ್ಲಿ ಬೆವರಿಳಿಯುತ್ತಿತ್ತು.

ಭಕ್ತರು ಭೇಷ್ ಅಂದರು. ಅವರ್ಯಾರೂ ದಾರಿಯಲ್ಲಿ ನಿಂತು ಕೈ ಮಾಡುವ ಜನರಲ್ಲ. ಅವರಿಗೆ ಸ್ವಂತ ಗಾಡಿಗಳಿದ್ದವು.

ಒಂದು ಮಧ್ಯಾಹ್ನ ಕೂಲಿ ಮಾಡುವ ದ್ಯಾಮವ್ವ ರಸ್ತೆ ಬದಿಯಲ್ಲಿ ನಿಂತು ಎರಡೂ ಕೈ ಬೀಸಿದಳು. ಹಾವು ಕಚ್ಚಿದ ಗಂಡ ಅವಳ ಕಾಲ ಹತ್ತಿರ ಮಲಗಿದ್ದ. ಚನ್ನವೀರ ಇಬ್ಬರನ್ನೂ ನೋಡಿದ. ನಿಲ್ಲಿಸಲಿಲ್ಲ.

ಸಂಜೆಯೊಳಗೆ ಗಂಡ ಸತ್ತ.

ಗುರುಗಳು ಊರಿಗೆ ಬಂದವರೇ ಸುದ್ದಿ ತಿಳಿದು ಚನ್ನವೀರನನ್ನು ಕರೆಸಿದರು.

"ಯಾಕ ನಿಲ್ಲಸಲಿಲ್ಲ?"

"ನಿಲ್ಲಿಸಿದ್ರ ಬಂದ್ ಬೀಳತಿತ್ರಿ, ಅಜ್ಜಾರ. ಎಂಜಿನ್ನಿಂದ ತಪ್ಪಾತ್ರಿ. ಎಲ್ಲಾ ಬಿಚ್ಚಿ ಮೊದಲಿನಂಗ ಮಾಡಸ್ತೀನ್ರಿ."

"ಆಮ್ಯಾಲ ಮಾಡಸೀಯಂತ. ಈಗ ಗಾಡಿ ತಗಿ. ಆ ಹುಣಸಿಗಿಡದ ತನಕಾ ಹೋಗಿ, ಜೋರು ಹೊಡಕೊಂಡ ಬಾ."

ಚನ್ನವೀರನಿಗೆ ಸಮಾಧಾನವಾಯಿತು. ಗುರುಗಳು ಎಂಜಿನ್ ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡ. ಹುಣಸೆಮರ ಸುತ್ತಿ ಬಂದು ಆಕ್ಸಿಲರೇಟರ್ ತುಳಿದ. ಧೂಳೆದ್ದಿತು.

ಗುರುಗಳು ರಸ್ತೆ ಬದಿಯಲ್ಲಿ ನಿಂತಿದ್ದರು. ಕೈ ಮಾಡಿದರು.

ಚನ್ನವೀರ ಥಟ್ಟನೆ ಬ್ರೇಕ್ ಒತ್ತಿದ. ಕಾರು ಅವರ ಪಕ್ಕಕ್ಕೇ ಬಂದು ನಿಂತಿತು. ಎಂಜಿನ್ ಕೆಮ್ಮಿ ಬಂದ್ ಬಿತ್ತು.

"ನಿಂತಿತಲ್ಲೋ," ಅಂದರು ಗುರುಗಳು.

"ನೀವು ಕೈ ಮಾಡಿದ್ರಲ್ರೀ, ಅಜ್ಜಾರ..."

"ಬಂದ್ ಬೀಳತೈತಿ ಅಂತ ಅನ್ನಸಲಿಲ್ಲೇನು?"

ಚನ್ನವೀರ ಸ್ಟೇರಿಂಗ್ ಹಿಡಿದುಕೊಂಡೇ ಕುಳಿತ.

ಗುರುಗಳು ಕಾರಿನ ಬಾಗಿಲು ತೆಗೆದರು.

"ಕೆಳಗ ಇಳಿ. ದ್ಯಾಮವ್ವನ ಮನಿಗೆ ನಡಕೊಂಡ ಹೋಗು. ಎಂಜಿನ್ ಸುದ್ದಿ ಎತ್ತಬ್ಯಾಡ. ನಿಲ್ಲಸಬಹುದಿತ್ತು, ನಾನ ನಿಲ್ಲಸಲಿಲ್ಲ ಅಂತ ಅಕಿ ಮುಖಾ ನೋಡಿ ಹೇಳು."