ಕ್ಷೇಮ ತಿಳಿಸಲು ಹೋದ ನಾವಿಕ

"ಗುರುಗಳೇ, ನಾಳೆಯಿಂದ ನಲವತ್ತು ದಿನದ ಮೌನಕ್ಕೆ ಕೂರುತ್ತೇನೆ. ಸಂಜೆಗೊಮ್ಮೆ ಬೆಟ್ಟದ ಮೆಟ್ಟಿಲು ಇಳಿದು, ಸಿಗ್ನಲ್ ಸಿಗುವಲ್ಲಿ ನಿಂತು, 'ನೆಮ್ಮದಿಯಾಗಿದ್ದೇನೆ' ಎಂದು ಮನೆಗೆ ಒಂದು ಸಾಲು ಕಳಿಸಿ ಬರಬಹುದೇ? ಬಾಯಿ ತೆರೆಯುವುದಿಲ್ಲ, ಬೆರಳಲ್ಲೇ ಬರೆಯುತ್ತೇನೆ," ಎಂದು ಶಿಷ್ಯ ಕೇಳಿದ.

"ಬೆರಳಿಗೆ ನಾಲಗೆ ಇಲ್ಲವೆಂದು ನಿನಗೆ ಯಾರು ಹೇಳಿದರು? ಕೂತುಕೋ," ಎಂದು ಗುರುಗಳು ಒಂದು ಕತೆ ಹೇಳಿದರು.

ಒಬ್ಬ ನಾವಿಕನಿದ್ದ. ಅವನಿಗೂ ಅವನ ಹೆಂಡತಿಗೂ ಹಾಯಿದೋಣಿಯೇ ಮನೆ. ಅಡುಗೆ, ನಿದ್ದೆ, ಜಗಳ ಎಲ್ಲವೂ ಅದರಲ್ಲೇ. ಅವನ ತಾಯಿ ದಡದಲ್ಲಿ, ಮಗಳ ಮನೆಯಲ್ಲಿದ್ದಳು. ಹೊರಡುವ ದಿನ ಅವಳು ಕೇಳಿದ್ದು ಒಂದೇ ಮಾತು: ದಿನಾ ದೀಪ ಹಚ್ಚುವ ಹೊತ್ತಿಗೆ ನಿನ್ನ ಸುದ್ದಿ ಬರಬೇಕು, ಬಾರದಿದ್ದರೆ ನನಗೆ ಅನ್ನ ಸೇರದು. ಅವನು ಮಾತು ಕೊಟ್ಟು, ಹಾಯಿಕಂಬದ ತುದಿಗೆ ಉಪಗ್ರಹದ ಆಂಟೆನಾ ಕಟ್ಟಿಸಿದ. ಎಂಟು ವರ್ಷ, ಒಂದು ಸಂಜೆಯೂ ತಪ್ಪದೆ, ನಡುಗಡಲಿನಿಂದಲೂ "ಕ್ಷೇಮ" ಎಂದು ಕಳಿಸಿದ.

ಒಂದು ಮಧ್ಯಾಹ್ನ ಪಡುಗಾಳಿ ಎದ್ದಿತು. ಆಂಟೆನಾ ಕಿತ್ತು ಕಡಲಿಗೆ ಬಿತ್ತು. ದೋಣಿಗೆ ಏನೂ ಆಗಲಿಲ್ಲ. ಹಾಯಿ ಇಳಿಸಿ, ಅಲೆಗೆ ಎದುರಾಗಿ ಆಳದಲ್ಲೇ ನಿಂತರೆ ಬೆಳಗಾಗುವುದರೊಳಗೆ ಗಾಳಿ ತಣಿಯುತ್ತಿತ್ತು. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹೊತ್ತು ಇಳಿದಂತೆ ಅವನ ಜೀವ ಚಡಪಡಿಸಿತು. ತಾಯಿ ತಟ್ಟೆ ಬದಿಗಿಟ್ಟು ಫೋನು ನೋಡುತ್ತ ಕೂತದ್ದು ಕಣ್ಣಿಗೆ ಕಟ್ಟಿತು. ಆಂಟೆನಾ ಇಲ್ಲದೆ ಫೋನಿಗೆ ಸಿಗ್ನಲ್ ಸಿಗುವುದು ದಡದ ಹತ್ತಿರ ಮಾತ್ರ. ಗಾಳಿ ನೂಕುತ್ತಿದ್ದುದೂ ದಡದ ಕಡೆಗೇ. ಅವನು ಚುಕ್ಕಾಣಿ ತಿರುಗಿಸಿದ.

ಹೆಂಡತಿ ಅವನ ಕೈ ಹಿಡಿದಳು. "ದಡ ಬೇಡ ಮಾರಾಯ್ರೇ. ದೋಣಿ ಒಡೆಯೂದು ನೀರಿಗಲ್ಲ, ಕಲ್ಲಿಗೆ. ಅತ್ತೆಗೆ ಒಂದು ಹೊತ್ತಿನ ಊಟ ತಪ್ಪೀತು, ಅಷ್ಟೇ ಅಲ್ವಾ?"

"ಒಂದು ಕಡ್ಡಿ ಸಿಗ್ನಲ್ ಬಂದ್ರೆ ಸಾಕು. ಕಳಿಸಿದ ಕೂಡಲೇ ತಿರುಗಿಸ್ತೇನೆ," ಎಂದ ಅವನು.

ದಡದ ತೆಂಗಿನ ಮರಗಳು ಕಂಡವು. ಸಿಗ್ನಲ್ ಬರಲಿಲ್ಲ. ಅಲೆ ಒಡೆಯುವ ಸದ್ದು ಕೇಳಿಸಿತು. ಆಗಲೂ ಬರಲಿಲ್ಲ. ಕಲ್ಲುಗಳ ಮೇಲಿನ ನೊರೆ ಕಂಡಾಗ ಒಂದು ಕಡ್ಡಿ ಮೂಡಿತು. "ಕ್ಷೇಮ, ಹೆದರಬೇಡ" ಎಂದು ಬರೆದು ಕಳಿಸಿದ. ಹೆಂಡತಿ ಕೂಗಿದಳು. ಅವನು ಮಾತ್ರ ತಲುಪಿತೆಂಬ ಗುರುತು ಬರುವವರೆಗೆ ಕಾದ. ಗುರುತು ಬಂತು. ಚುಕ್ಕಾಣಿ ತಿರುಗಿಸಿದ; ದೋಣಿ ತಿರುಗಲಿಲ್ಲ, ಗಾಳಿ ಬಿಡಲಿಲ್ಲ. ತಳ ಕಲ್ಲಿಗೆ ಬಡಿದ ಹೊತ್ತಿಗೇ ಅವನ ಕೈಯಲ್ಲಿ ಫೋನು ಅಲುಗಿತು. ತಾಯಿ ಉತ್ತರ ಬರೆದಿದ್ದಳು: "ಸರಿ ಮಗಾ, ಈಗ ಊಟಕ್ಕೆ ಕೂತೆ."

ಇಬ್ಬರೂ ಈಜಿ ದಡ ಸೇರಿದರು. ಎಂಟು ವರ್ಷ ಮನೆಯಾಗಿದ್ದ ದೋಣಿ ಹಲಗೆ ಹಲಗೆಯಾಗಿ ಅವರ ಹಿಂದೆ ಬಂತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಹಾಗಾದರೆ ತಾಯಿ ಉಪವಾಸ ಮಲಗಬೇಕಿತ್ತೇ? ಅವನು ಕೊಟ್ಟ ಮಾತು ಉಳಿಸಿಕೊಂಡನಲ್ಲವೇ?"

ಗುರುಗಳು ಅವನ ಕೈಯಲ್ಲಿದ್ದ ಫೋನನ್ನೂ ಕೆಳಗಿನ ಮೆಟ್ಟಿಲುಗಳನ್ನೂ ನೋಡಿ ಹೇಳಿದರು:

"ಮಾತು ಉಳಿಯಿತು, ದೋಣಿ ಉಳಿಯಲಿಲ್ಲ. ನೆಮ್ಮದಿಯಾಗಿದ್ದೇನೆ ಎಂದು ಹೇಳಿ ಬರಲು ನೀನು ಆ ನೆಮ್ಮದಿಯನ್ನೇ ಬಿಟ್ಟು ದಿನಾ ಎಷ್ಟು ಮೆಟ್ಟಿಲು ಇಳಿಯಬೇಕಪ್ಪಾ?"