ಸುಮ್ಮನಮ್ಮನ ತೋಟ

ಮಲ್ಲಿದುರ್ಗದ ಬಸ್ ನಿಲ್ದಾಣದಿಂದ ಕೋಟೆಯ ಕಡೆಗೆ ಹೊರಟರೆ, ಅಂಚೆ ಕಚೇರಿ ದಾಟಿದ ಮೇಲೆ ಎಡಗಡೆಗೆ ಪುರಸಭೆಯ ಉದ್ಯಾನ ಸಿಗುತ್ತದೆ. ಫಲಕದ ಮೇಲೆ ಬೇರೆ ಯಾವುದೋ ಹೆಸರಿದೆ. ಆ ಹೆಸರು ಹೇಳಿದರೆ ಆಟೋದವರಿಗೆ ತಿಳಿಯುವುದಿಲ್ಲ. ಸುಮ್ಮನಮ್ಮನ ತೋಟ ಎನ್ನಬೇಕು. ಏಳು ಎಕರೆ ಜಾಗ, ನಡುವೆ ಮೆಟ್ಟಿಲಿಳಿಯುವ ಕಲ್ಲಿನ ಕೊಳ, ಅದರ ಪಕ್ಕದಲ್ಲಿ ಹಳೆಯ ಗರಡಿಮನೆ, ಮಕ್ಕಳಿಗೆ ಜಾರುಬಂಡೆ, ಬೆಳಿಗ್ಗೆ ನಡೆಯಲು ಬರುವವರಿಗಾಗಿ ಹಾಕಿದ ಇಟ್ಟಿಗೆಯ ದಾರಿ. ಈಶಾನ್ಯದ ಮೂಲೆಯಲ್ಲಿ ಒಂದು ಬೂರುಗದ ಮರ. ನಾನು ಇದರ ಮೇಲ್ವಿಚಾರಕನಾಗಿ ಇಪ್ಪತ್ತಾರು ವರ್ಷ ದುಡಿದು ನಿವೃತ್ತನಾದವನು. ನಲ್ಲಿ, ದೀಪ, ಬೇಲಿಗಳ ವಿಚಾರ ಕೇಳಿದರೆ ಕಡತ ನೋಡಿ ಹೇಳಬಲ್ಲೆ. ಹೆಸರಿನ ವಿಚಾರ ಯಾವ ಕಡತದಲ್ಲೂ ಇಲ್ಲ. ಅದನ್ನು ನನಗೆ ಹೇಳಿದವನು ಇಲ್ಲಿ ಮಾಲಿಯಾಗಿದ್ದ ಗೂಳಪ್ಪ; ಅವನಿಗೆ ಅವನ ಅಜ್ಜಿ ಹೇಳಿದ್ದಳಂತೆ.

ಹಿಂದೆ ಪಾಳೆಯಗಾರರ ಕಾಲದಲ್ಲಿ ಇದು ಅರಮನೆಯವರಿಗೆ ಮಾತ್ರ ಮೀಸಲಾಗಿದ್ದ ತೋಟ. ಕೆಂಚವೀರ ನಾಯಕನೆಂಬ ದೊರೆ ಒಮ್ಮೆ ಮನಸ್ಸು ಮಾಡಿ ಇದನ್ನು ಊರಮಂದಿಗೆ ಬಿಟ್ಟುಕೊಟ್ಟನು. ಉಯ್ಯಾಲೆ ಕಟ್ಟಿಸಿದನು, ಕುಸ್ತಿಗೆ ಮಣ್ಣು ಹಾಕಿಸಿದನು, ವರ್ಷಕ್ಕೊಮ್ಮೆ ಚೈತ್ರದ ಹುಣ್ಣಿಮೆಗೆ ಆಟೋಟಗಳನ್ನು ನಡೆಸುವ ಪದ್ಧತಿ ಹಾಕಿದನು. ತೋಟದ ಉಸ್ತುವಾರಿ ನುಂಕವ್ವನೆಂಬ ಹೆಂಗಸಿನದು. ಅವಳಿಗಿಂತ ಮೊದಲು ಆ ಕೆಲಸ ಅವಳ ಗಂಡ ದ್ಯಾವಣ್ಣನದಾಗಿತ್ತು. ಬೂರುಗದ ಮರದ ಮೇಲೆ ಆಗಲೂ ಹೆಜ್ಜೇನು ಕಟ್ಟುತ್ತಿತ್ತು. ಚೈತ್ರ ಬಂತೆಂದರೆ ಮೂವತ್ತು ನಲವತ್ತು ಹುಟ್ಟುಗಳು ಕರಿಯ ಮೊರಗಳಂತೆ ಕೊಂಬೆಗಳಲ್ಲಿ ತೂಗುತ್ತಿದ್ದವು. ದ್ಯಾವಣ್ಣ ಒಂದು ದಿನ ಮರದ ಬುಡದಲ್ಲಿ ತರಗೆಲೆ ಗುಡಿಸಿ ಬೆಂಕಿ ಹಾಕಿದನು. ಹೊಗೆ ಮೇಲೇರಿತು, ಜೇನು ಕೆಳಗಿಳಿಯಿತು. ನುಂಕವ್ವ ಐವತ್ತು ಹೆಜ್ಜೆ ದೂರದ ಗುಡಿಸಲಿನಲ್ಲಿದ್ದಳು. ಗಂಡ ಅವಳ ಹೆಸರು ಹಿಡಿದು ಕೂಗುತ್ತ ಓಡಿಬಂದನು. ಅವಳು ಬಾಗಿಲ ಅಗಳಿ ಹಾಕಿಕೊಂಡು, ಕಂಬಳಿ ಹೊದ್ದು ಮೂಲೆಯಲ್ಲಿ ಕೂತಳು. ಕೂಗು ನಿಂತ ಮೇಲೂ ಅವಳು ಬಾಗಿಲು ತೆಗೆಯಲಿಲ್ಲ. ಆ ಮಾತನ್ನು ಅವಳು ಬಹಳ ಕಾಲ ಯಾರಿಗೂ ಹೇಳಿರಲಿಲ್ಲವಂತೆ. ಆ ಮೇಲೆ ಸತ್ತ ಗಂಡನ ಕೆಲಸ ಅವಳಿಗೆ ಬಂತು, ಏಳು ವರ್ಷ ಮಾಡಿದಳು. ಆದರೆ ಬೂರುಗದ ನೆರಳಿಗೆ ಒಮ್ಮೆಯೂ ಕಾಲಿಡಲಿಲ್ಲ.

ಎಂಟನೆಯ ವರ್ಷದ ಚೈತ್ರದಲ್ಲಿ ನಾಯಕ ಗಡಿಯ ಕಡೆಗೆ ಹೋಗಿದ್ದನು. ಆಟೋಟದ ಯಜಮಾನಿಕೆ ಅವನ ಮೈದುನ ಸರಜಪ್ಪನ ಪಾಲಿಗೆ ಬಂತು. ಹೊಸ ಹುಮ್ಮಸ್ಸಿನವನು. ಕುಸ್ತಿಯಲ್ಲಿ ಗೆದ್ದವನಿಗೆ ಗರ್ನಾಲು ಹಾರಿಸಿ ಮರ್ಯಾದೆ ಮಾಡಬೇಕೆಂದು ಗೊತ್ತುಮಾಡಿದನು. ಮದ್ದು ತುಂಬಿದ ಆ ಕಬ್ಬಿಣದ ಕೊಳವೆಗಳನ್ನು ಹೂಳಿಸಿದ್ದು ಬೂರುಗದ ಬುಡದಲ್ಲಿ, ಅಲ್ಲಿ ನೆರಳಿದೆಯೆಂದು. ನುಂಕವ್ವ ದೂರದಲ್ಲೇ ನಿಂತು ಕೈ ಮುಗಿದಳು.

“ಬುದ್ಧಿ, ಗರ್ನಾಲು ಕೆರೆ ಏರಿ ಆಚೆಗೆ ಇಡಿಸ್ರಿ. ಇಲ್ಲಿ ಬ್ಯಾಡ. ಮೇಲೆ ನೋಡ್ರಿ.”

ಸರಜಪ್ಪ ನೋಡಿ ನಕ್ಕನು. “ಹುಳಕ್ಕೆ ಹೆದರಿ ಊರಿನ ಆಟ ನಿಲ್ಲಿಸೋಣೇನು? ನಿನಗೆ ಗಂಡನ ನೆನಪು. ಮನೆಗೆ ಹೋಗಿ ಮಲಕ್ಕ.”

“ನಾನು ಹೆದರಿದ್ದು ನಿಜ ಬುದ್ಧಿ. ಹೆದರಿದ್ದಕ್ಕೇ ಹೇಳಾಕ ಬಂದೀನಿ.”

ಅವನು ಕೇಳಲಿಲ್ಲ. ಅಷ್ಟೇ ಅಲ್ಲ, ಜನ ಹೆಚ್ಚಿರುವ ದಿನ ಕೊಳದ ಸುತ್ತ ಬೇಲಿಯಂತೆ ಹಾಕಿದ್ದ ಕಟಾಂಜನದ ಬಾಗಿಲಿಗೆ ಬೀಗ ಬಿದ್ದಿರಬೇಕು, ನೀರು ಕೊಳೆಯಾಗಬಾರದು ಎಂದು ಮತ್ತೊಮ್ಮೆ ಎಚ್ಚರಿಸಿ ಕಳಿಸಿದನು. ಅವಳು ಹೋಗಿ ಬೀಗ ಹಾಕಿದಳು. ಬೂರುಗದ ಕಡೆಗೆ ತಿರುಗಿ ನೋಡಿದಳು. ಆಮೇಲೆ ಅದೇ ಬೀಗ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡು, ಬಾಗಿಲನ್ನು ಬರಿದೇ ಒರಗಿಸಿಟ್ಟಳು. ಸಿಕ್ಕಿಬಿದ್ದರೆ ಚಾಟಿಯ ಏಟು ತಪ್ಪದೆಂದು ಗೊತ್ತಿದ್ದೂ ಹಾಗೆ ಮಾಡಿದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ತೋಟದಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ದಿನಗಳಲ್ಲಿ ತೋಟಕ್ಕೆ ಇದ್ದದ್ದು ಒಂದೇ ಬಾಗಿಲು. ಆನೆಗೂ ಜಗ್ಗದಂಥ ಹಲಗೆಯದು, ಒಳಮುಖವಾಗಿ ತೆರೆಯುವಂಥದು; ಕುಸ್ತಿ ಶುರುವಾದ ಮೇಲೆ ಅದನ್ನು ಮುಚ್ಚಿದ್ದರು. ಜಟ್ಟಿಯೊಬ್ಬ ಗೆದ್ದನು, ಮೊದಲ ಗರ್ನಾಲು ಸಿಡಿಯಿತು. ನೆಲ ನಡುಗಿತು. ಜನ ಹೋ ಎಂದರು. ಎರಡನೆಯದು ಸಿಡಿದಾಗ ಮರದಿಂದ ಒಂದು ಹುಟ್ಟು ಕಳಚಿ ಬಿತ್ತು. ಬಿದ್ದ ಸದ್ದು ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂತಿತ್ತಂತೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಮರದ ಮೇಲಿದ್ದ ಕಪ್ಪು ಪೂರ್ತಿ ಎದ್ದು ಬಿಸಿಲನ್ನು ಮುಚ್ಚಿತು.

ಜನ ಬಾಗಿಲಿಗೆ ನುಗ್ಗಿದರು. ಮೊದಲು ಮುಟ್ಟಿದವರು ಹಲಗೆಯನ್ನು ತಮ್ಮ ಕಡೆಗೆ ಎಳೆಯಬೇಕಾಗಿತ್ತು. ಹಿಂದಿನಿಂದ ಬಂದ ಒತ್ತಡಕ್ಕೆ ಎಳೆಯಲು ಗೇಣು ಜಾಗ ಉಳಿಯಲಿಲ್ಲ. ದೂಡಿದಷ್ಟೂ ಬಾಗಿಲು ಬಿಗಿಯಿತು. “ಹಿಂದಕ್ಕೆ ಸರೀರಿ” ಎಂದು ಮುಂದಿನವರು ಚೀರಿದ್ದು ಹಿಂದಿನವರಿಗೆ ಕೇಳಲಿಲ್ಲ. ನುಂಕವ್ವ ಕೊಳದ ಬಳಿ ನಿಂತಿದ್ದಳು. ಅವಳ ಗುಡಿಸಲು ಹತ್ತೇ ಮಾರು ದೂರದಲ್ಲಿತ್ತು, ಬಾಗಿಲು ತೆರೆದಿತ್ತು. ಕಾಲು ತಾನಾಗಿಯೇ ಅತ್ತ ಎರಡು ಹೆಜ್ಜೆ ಇಟ್ಟಿತೆಂದು ಅವಳೇ ಮುಂದೆ ಹೇಳಿಕೊಂಡಳಂತೆ. ಅಷ್ಟರಲ್ಲಿ ಯಾರೋ ಯಾರನ್ನೋ ಹೆಸರು ಹಿಡಿದು ಕೂಗಿದರು. ಅವಳು ತಿರುಗಿ ಕಟಾಂಜನದ ಬಾಗಿಲನ್ನು ಒದ್ದು ತೆರೆದು, ಜನರ ಕಡೆಗೆ ಓಡಿದಳು. ಸಿಕ್ಕವರ ರಟ್ಟೆ ಹಿಡಿದು ಎಳೆದಳು. “ನೀರಿಗಿಳೀರಿ! ಕೊಳಕ್ಕೆ! ಕೊಳಕ್ಕೆ!” ಎಂದು ಕೂಗುತ್ತ, ಬಾಗಿಲ ಗುಂಪಿನ ಹಿಂಬದಿಯಿಂದ ಒಬ್ಬೊಬ್ಬರನ್ನೇ ಬಿಡಿಸಿ ಕಳಿಸಿದಳು. ಒಬ್ಬರು ಓಡಿದ್ದನ್ನು ಕಂಡು ಹತ್ತು ಮಂದಿ ಓಡಿದರು. ಕೊಳ ತುಂಬಿತು.

ನೀರು ಕತ್ತಿನವರೆಗೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿ, ಸೆರಗು, ಪಂಚೆ, ಪೇಟಗಳನ್ನು ನೀರಿನಲ್ಲಿ ಅದ್ದಿ ತಲೆಯ ಮೇಲೆ ಹೊದಿಸಿದರು. ಮೇಲೆ ಜೇನು ಮೊಳದೆತ್ತರದಲ್ಲಿ ಸುತ್ತುತ್ತಿತ್ತು. ಯಾರಾದರೂ ಚೀರಿ ಕೈ ಬೀಸಿದರೆ ಸಾಕು, ಒಂದು ಎಳೆ ಅತ್ತ ಬಾಗುತ್ತಿತ್ತು. ನೀರಿನಲ್ಲಿ ಅದ್ದಿದ ಕಂಬಳಿ ಹೊದ್ದು ಮೆಟ್ಟಿಲ ಮೇಲೆ ನಿಂತ ನುಂಕವ್ವ ತುಟಿಗೆ ಬೆರಳಿಟ್ಟು, ಗದರದೆ, ತೊಟ್ಟಿಲ ಮಗುವಿಗೆ ಹೇಳುವಂತೆ ಹೇಳಿದಳು. “ಸುಮ್ಮನಿರ್ರಪ್ಪ. ಸುಮ್ಮನಿರ್ರವ್ವ. ಅಳ್ಳಾಡಬ್ಯಾಡ್ರಿ. ನನಗೂ ಹೆದರಿಕೆ ಐತಿ. ಸುಮ್ಮನಿರ್ರಿ.”

ಆಗ ಸರಜಪ್ಪ ಬಂದನು. ಮುಖದ ತುಂಬ ಜೇನು, ಕಣ್ಣು ಕಾಣದೆ ತಡವರಿಸುತ್ತ, ಹಿಂದೆ ಒಂದು ಕರಿಯ ಹಿಂಡನ್ನೇ ಎಳೆದುಕೊಂಡು ಬರುತ್ತಿದ್ದನು. ಕೊಳದೊಳಗಿಂದ ಗಂಡಸೊಬ್ಬ ಹಲ್ಲು ಕಚ್ಚಿ, “ಬಾಗಿಲು ಹಾಕು ನುಂಕವ್ವ. ಅವನ ಸಂಗಡ ಅವೂ ಬರ್ತಾವೆ. ಮಾಡಿದ್ದು ಅವನೇ” ಎಂದನು. ಇನ್ನೊಬ್ಬಳು, “ನನ್ನ ಕೂಸು ಐತೆ, ಹಾಕವ್ವ” ಎಂದು ಬೇಡಿದಳು. ನುಂಕವ್ವನ ಕೈ ಕಟಾಂಜನದ ಮೇಲಿತ್ತು. “ಒಂದು ಸಲ ಹಾಕೀನಿ” ಎಂದಳು, ಅಷ್ಟೇ. ಹೊರಗೆ ಹೋದಳು, ಬಾಗಿಲನ್ನು ತನ್ನ ಹಿಂದೆ ಎಳೆದುಕೊಂಡಳು. ತನ್ನ ಒದ್ದೆ ಕಂಬಳಿಯನ್ನು ಅವನ ತಲೆಯ ಮೇಲೆ ಎಸೆದು, ತಬ್ಬಿ ಹಿಡಿದು, ಕೊಳದ ಕಡೆಗಲ್ಲ, ಹತ್ತು ಮಾರು ಆಚೆಯ ದನದ ನೀರಿನ ತೊಟ್ಟಿಯ ಕಡೆಗೆ ನಡೆಸಿಕೊಂಡು ಹೋಗಿ, ಅವನನ್ನು ಅದರೊಳಗೆ ಉರುಳಿಸಿ ತಾನೂ ಬಿದ್ದಳು. ಹಿಂಡು ಅವರ ಬೆನ್ನು ಹತ್ತಿ ಅತ್ತಲೇ ಹೋಯಿತು.

ಅಲ್ಲಿಂದ ಸಂಜೆಯವರೆಗೆ ಯಾರೂ ಮಾತಾಡಲಿಲ್ಲ. ನೀರಿನಲ್ಲಿದ್ದವರ ಬೆರಳು ಬಿಳಿಚಿದವು, ತುಟಿ ನೀಲಿಯಾದವು. ಮುದುಕನೊಬ್ಬ ಕೆಮ್ಮು ಬಂದಾಗಲೆಲ್ಲ ನೀರಿನೊಳಗೆ ಮುಳುಗಿ ಕೆಮ್ಮಿದನು. ಬಾಗಿಲ ಕಡೆಯಿಂದ ಒಬ್ಬ ಹೆಂಗಸು “ಗಿರಿಜಾ, ಗಿರಿಜಾ” ಎಂದು ಕರೆಯುತ್ತಿದ್ದಳು. ಗಿರಿಜೆ ಎಂಬ ಹುಡುಗಿ ಕೊಳದಲ್ಲೇ ಇದ್ದಳು. ಪಕ್ಕದವಳು ಅವಳ ಬಾಯಿಯನ್ನು ಅಂಗೈಯಿಂದ ಮುಚ್ಚಿ, ಅವಳ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಆ ಕರೆ ನಿಂತಿತು. ಗೂಳಪ್ಪನ ಅಜ್ಜಿ ಕಥೆಯನ್ನು ಎಷ್ಟು ಸಲ ಹೇಳಿದರೂ ಇಲ್ಲಿಗೆ ಬಂದಾಗ ತಡವರಿಸುತ್ತಿದ್ದಳಂತೆ. ಗಿರಿಜೆ ಅವಳ ಮನೆತನದ ಹಿರಿಯಳು ಎನ್ನುತ್ತಾರೆ.

ಹೊತ್ತು ಮುಳುಗಿತು, ಜೇನು ಮರಕ್ಕೆ ಮರಳಿತು. ಬಾಗಿಲ ಬಳಿ ಹತ್ತೊಂಬತ್ತು ಮಂದಿ ಸತ್ತಿದ್ದರು. ಅವರಲ್ಲಿ ಜೇನಿನಿಂದ ಸತ್ತವರು ನಾಲ್ವರು, ಉಳಿದವರು ತುಳಿತಕ್ಕೆ ಸಿಕ್ಕವರು. ಕೊಳದಲ್ಲಿ ಇಳಿದವರಲ್ಲಿ ಒಬ್ಬರೂ ಸಾಯಲಿಲ್ಲ. ತೊಟ್ಟಿಯಿಂದ ಸರಜಪ್ಪನನ್ನೂ ನುಂಕವ್ವನನ್ನೂ ಎತ್ತಿದಾಗ ಇಬ್ಬರಿಗೂ ಉಸಿರಿತ್ತು. ಅವಳ ಮುಖ ಗುರುತು ಸಿಗದಷ್ಟು ಊದಿಕೊಂಡಿತ್ತು, ಹದಿನೈದು ದಿನ ಗಂಜಿಯೂ ಇಳಿಯಲಿಲ್ಲ. ಬದುಕಿದಳು.

ನಾಯಕ ಹಿಂದಿರುಗಿ ವಿಚಾರಣೆ ನಡೆಸಿದನು. ಸರಜಪ್ಪ ಎಲ್ಲರ ಎದುರಿಗೆ ತನ್ನ ತಪ್ಪನ್ನು ತಾನೇ ಒಪ್ಪಿಕೊಂಡನು, ಬೀಗ ತೆಗೆದಿಟ್ಟ ಅವಳ ತಪ್ಪನ್ನು ಯಾರೂ ಎತ್ತಬಾರದೆಂದು ಕೇಳಿಕೊಂಡನು. ಏನು ಬೇಕು ಕೇಳು, ಹೊಲ ಬೇಕೆ, ಕಡಗ ಬೇಕೆ ಎಂದು ನಾಯಕ ನುಂಕವ್ವನನ್ನು ಕೇಳಿದನು. ಅವಳಿಗೆ ಇನ್ನೂ ಸರಿಯಾಗಿ ಮಾತು ಹೊರಡುತ್ತಿರಲಿಲ್ಲ. “ದಿಕ್ಕಿಗೊಂದು ಬಾಗಿಲು ಬೇಕು ದೊರೆ. ಹೊರಗಡೀಕೆ ತೆರೀಬೇಕು” ಎಂದಳು. ಮರವನ್ನು ಕಡಿಸಲೇ ಎಂದು ಕೇಳಿದ್ದಕ್ಕೆ ಬೇಡವೆಂದು ತಲೆಯಾಡಿಸಿದಳು. ಮುಂದೆ ಹನ್ನೆರಡು ವರ್ಷ ಅವಳೇ ತೋಟ ನೋಡಿಕೊಂಡಳು. ಹೆದರಿಕೆ ಹೋಯಿತೆಂದು ಯಾರೂ ಹೇಳುವುದಿಲ್ಲ. ಚೈತ್ರದಲ್ಲಿ ಅವಳಿಗೆ ಅನ್ನ ಸೇರುತ್ತಿರಲಿಲ್ಲವಂತೆ. ಕೊಳದಲ್ಲಿ ನಿಂತು ಬದುಕಿದವರಿಗೆ ಮಾತ್ರ ಅವಳ ಒಂದೇ ಮಾತು ಕಿವಿಯಲ್ಲಿ ಉಳಿದಿತ್ತು. ಅವರು ಅವಳನ್ನು ಸುಮ್ಮನಮ್ಮ ಎಂದರು, ಅವರ ಮಕ್ಕಳೂ ಹಾಗೆಯೇ ಅಂದರು. ನುಂಕವ್ವನೆಂಬ ಹೆಸರು ಈಗ ನಮ್ಮಂಥ ನಾಲ್ಕು ಜನಕ್ಕೆ ಗೊತ್ತಿದ್ದರೆ ಹೆಚ್ಚು.

ಇಂದು ಬಂದವರು ಕೊಳದ ಮೂರನೆಯ ಮೆಟ್ಟಿಲ ಮೇಲೆ ಅರಿಶಿನ ಬಳಿದ ಒಂದು ಕಲ್ಲನ್ನು ಕಾಣುತ್ತಾರೆ. ಬೂರುಗ ಹಳೆಯದೇ, ಅದರ ಮೊಮ್ಮಗನೇ ಹೇಳಲಾರೆ, ಜೇನಂತೂ ಇದೆ. ಊರಿನಲ್ಲಿ ಯಾರ ಮೆರವಣಿಗೆಯೇ ಆಗಲಿ, ಈ ಗೋಡೆಯ ಉದ್ದಕ್ಕೂ ತಮಟೆ ನಿಲ್ಲಿಸಿ ಸಾಗುತ್ತದೆ. ನಾಲ್ಕು ಬಾಗಿಲುಗಳ ಹಲಗೆ ಹೋಗಿ ಕಬ್ಬಿಣ ಬಂದಿದೆ. ಹೊಸದಾಗಿ ಬಂದವರು ಹೊರಗಿನಿಂದ ಅದನ್ನು ದೂಡುತ್ತಾರೆ, ತೆರೆಯದೆ ಬೀಗ ಹಾಕಿದೆಯೆಂದು ತಿಳಿದು ಹಿಂದಿರುಗಲು ನೋಡುತ್ತಾರೆ. ಆಗ ಪಕ್ಕದಲ್ಲಿ ಹೂ ಕಟ್ಟುತ್ತ ಕೂತ ಹೆಂಗಸು ತಲೆ ಎತ್ತದೆಯೇ, “ದೂಡಬ್ಯಾಡ್ರಿ, ನಿಮ್ಮ ಕಡೀಗೆ ಎಳೀರಿ” ಎನ್ನುತ್ತಾಳೆ.